ಕೂತಲ್ಲಿಂದ ಕಾಣೋ ಬುದ್ಧ

1/9
(ಫೋಟೋ: ಒಂದು ಗೇಟು, ಅದರ ಹೊರಗೆ ನನ್ನ ಚಪ್ಪಲಿ. ಮನೆ ಕಾಣದ ಹಾಗೆ ಬೇಕಂತಲೇ ಕ್ರಾಪ್ ಮಾಡಿದ್ದೀನಿ.)

ಹೋದ ಜೂನಲ್ಲಿ ನಾವು ಮೂರು ಜನ ಹುಡುಗೀರು ಬೆಂಗಳೂರಲ್ಲಿ ಬಾಡಿಗೆ ಮನೆ ಹುಡುಕ್ತಾ ಇದ್ವಿ. ಪಿಜಿ ಸಾಂಬಾರು ಸಾಕಾಗಿ ಹೋಗಿತ್ತು. ಹನ್ನೊಂದನೇದೋ ಹನ್ನೆರಡನೇದೋ ಮನೆ ಇಷ್ಟ ಆಯ್ತು. ಎರಡನೇ ಮಹಡಿ, ಬಟ್ಟೆ ಒಣಗಿಸೋಕೆ ಟೆರೇಸು, ಕಾಲೇಜಿಗೆ ಒಂದೇ ಬಸ್ಸು, ಅಡ್ವಾನ್ಸು ನಮ್ಮ ಕೈಗೆಟಕುವಷ್ಟು. ಓನರ್ ಆಂಟಿ ಒಳಗೆ ಕರೆದು ಕಾಫಿ ಕೊಟ್ರು. ಟಿವಿ ಪಕ್ಕದ ಶೋಕೇಸಲ್ಲಿ ಬುದ್ಧನ ತಲೆ ಇತ್ತು. ಮೈಯಿಲ್ಲ, ಬರೀ ತಲೆ. ಬಂಗಾರದ ಬಣ್ಣ, ಮುಚ್ಚಿದ ಕಣ್ಣು, ಹಿಂದೆ ಒಂದು ಪುಟ್ಟ ಬಲ್ಬು. ನೀವೂ ನೋಡಿರ್ತೀರಿ, ಸಲೂನಲ್ಲೂ ಇರುತ್ತೆ, ಕೆಫೆಲೂ ಇರುತ್ತೆ.

ಕಾಫಿ ಮುಗಿಯೋ ಹೊತ್ತಿಗೆ ಆಂಟಿ ಕೇಳಿದ್ರು, "ನೀವು ಏನ್ ಜನ?"

ಇಬ್ಬರು ಫ್ರೆಂಡ್ಸೂ ಹೇಳಿದರು. ನಾನು "ಬುದ್ಧಿಸ್ಟು ಆಂಟಿ" ಅಂದೆ. ಸುಳ್ಳಲ್ಲ, ನಮ್ಮ ಮನೇಲಿ ನಂದು ಮೂರನೇ ತಲೆಮಾರು.

ಆಂಟಿ ಶೋಕೇಸಿನ ಕಡೆ ಒಮ್ಮೆ ನೋಡಿ ನಕ್ಕರು. ಅದು ನಿಜವಾದ ಖುಷಿಯೇ, ಅವರ ಮೇಲೆ ಸುಳ್ಳು ಹೇಳಲ್ಲ. ಆಮೇಲೆ ದನಿ ಸ್ವಲ್ಪ ತಗ್ಗಿಸಿ ಕೇಳಿದ್ರು: "ಅದು ಸರಿ ಕಣಮ್ಮ, ಮೊದ್ಲು ಏನಿದ್ರಿ?"

ನಾನು ಬಾಯಿ ಬಿಡಲಿಲ್ಲ. ಫ್ರೆಂಡ್ ಒಬ್ಬಳು "ನಾಳೆ ಫೋನ್ ಮಾಡ್ತೀವಿ ಆಂಟಿ" ಅಂದು ಎಬ್ಬಿಸಿಕೊಂಡು ಬಂದಳು. ಮಾರನೇ ದಿನ ಅವರದೇ ಮೆಸೇಜು: ಮನೆ ಬೇರೆಯವರಿಗೆ ಕೊಟ್ಟಾಯ್ತು.

ಈ ಸೀರೀಸು ಆ ಆಂಟಿ ಬಗ್ಗೆ ಅಲ್ಲ. ಅವತ್ತು ನಾನು ಯಾಕೆ ಸುಮ್ಮನಿದ್ದೆ, ಸುಮ್ಮನಿದ್ದದ್ದನ್ನ ಯಾಕೆ 'ಸಾಧನೆ' ಅಂದುಕೊಂಡೆ ಅನ್ನೋದರ ಬಗ್ಗೆ.

2/9
(ಫೋಟೋ: ಹತ್ತು ದಿನ ಆಫ್ ಆಗಿದ್ದ ನನ್ನ ಫೋನು.)

ಅದಕ್ಕೆ ಮೂರು ವಾರ ಮುಂಚೆ ನಾನು ಹತ್ತು ದಿನದ ವಿಪಸ್ಸನಾ ಶಿಬಿರ ಮುಗಿಸಿ ಬಂದಿದ್ದೆ. ಡಿಎಂನಲ್ಲಿ ತುಂಬ ಜನ ಕೇಳಿದ್ದರಿಂದ ಸ್ವಲ್ಪ ವಿವರ. ಬೆಳಗ್ಗೆ 4ಕ್ಕೆ ಗಂಟೆ. ಎಲ್ಲಾ ಸೇರಿ ದಿನಕ್ಕೆ ಸುಮಾರು 10 ಗಂಟೆ ಕೂರೋದು. ಮಾತಿಲ್ಲ, ಫೋನಿಲ್ಲ, ಪುಸ್ತಕ ಇಲ್ಲ, ಪಕ್ಕದವಳ ಜೊತೆ ಕಣ್ಣಲ್ಲೂ ಮಾತಿಲ್ಲ. ಮೊದಲ ಮೂರು ದಿನ ಬರೀ ಉಸಿರು, ಅಂದರೆ ಆನಾಪಾನ. ನಾಲ್ಕನೇ ದಿನದಿಂದ ತಲೆಯಿಂದ ಕಾಲಿನ ತನಕ ಮೈಮೇಲಿನ ಸಂವೇದನೆಗಳನ್ನ ನೋಡ್ತಾ ಹೋಗೋದು. ತುರಿಕೆ, ಬಿಸಿ, ನೋವು, ಜುಮ್ಮು, ಏನೇ ಬಂದರೂ ಬೇಕು ಅನ್ನೋ ಹಾಗಿಲ್ಲ, ಬೇಡ ಅನ್ನೋ ಹಾಗಿಲ್ಲ. ಹೊಸಬರಿಗೆ ಸಂಜೆ ಟೀ ಮತ್ತು ಹಣ್ಣು. ಫೀಸು ಇಲ್ಲ, ಹಿಂದೆ ಕೂತು ಹೋದವರ ದಾನದಿಂದ ನಡೆಯುತ್ತೆ.

ಐದನೇ ದಿನ ಬ್ಯಾಗು ಕಟ್ಟಿದ್ದೆ. ಏಳನೇ ದಿನ ಮಂಡಿ ನೋವು ಒಂದು ಕ್ಷಣ ಗಟ್ಟಿ ಕಲ್ಲಿನ ಹಾಗೆ ಇದ್ದದ್ದು ಮರುಕ್ಷಣ ಸಣ್ಣ ಸಣ್ಣ ಮಿಡಿತಗಳಾಗಿ ಒಡೆದುಹೋಯ್ತು. ಅದು ಸುಳ್ಳಲ್ಲ, ಇವತ್ತಿಗೂ ಅದನ್ನ ನೆನೆಸಿಕೊಂಡರೆ ಕೃತಜ್ಞತೆ ಬರುತ್ತೆ. ಹತ್ತನೇ ದಿನ ಮೌನ ಮುರಿದಾಗ, ನಾನಂತೂ ಅರ್ಧ ಜ್ಞಾನೋದಯ ಆದವಳ ಥರ ಓಡಾಡ್ತಿದ್ದೆ.

ಆಂಟಿ ಆ ಪ್ರಶ್ನೆ ಕೇಳಿದಾಗ ಆಗಿದ್ದು ಇಷ್ಟು. ಎದೆ ಹತ್ತಿರ ಬಿಸಿ. ಕಿವಿ ಬಿಸಿ. ಗಂಟಲಲ್ಲಿ ಏನೋ ಸಿಕ್ಕಿಕೊಂಡ ಹಾಗೆ. ಕಲಿತಿದ್ದನ್ನೇ ಮಾಡಿದೆ. ನೋಡಿದೆ, ಪ್ರತಿಕ್ರಿಯೆ ಕೊಡಲಿಲ್ಲ, ಬರುತ್ತೆ ಹೋಗುತ್ತೆ ಅಂದುಕೊಂಡೆ. ಬಸ್‌ಸ್ಟಾಪಿಗೆ ಬರೋ ಅಷ್ಟರಲ್ಲಿ ಹೋಯ್ತು ಕೂಡ. ನಾಚಿಕೆ ಬಿಟ್ಟು ಹೇಳ್ತೀನಿ, ಬಸ್ಸಲ್ಲಿ ಕೂತಾಗ ನನಗೆ ನನ್ನ ಮೇಲೇ ಹೆಮ್ಮೆ ಆಯ್ತು. ನೋಡು, ಎಷ್ಟು ಸಮತೆ!

ಪಕ್ಕದಲ್ಲಿ ಕೂತಿದ್ದ ಫ್ರೆಂಡ್ ಅಳ್ತಾ ಇದ್ದಳು. ಅವಳನ್ನ ಏನೂ ಕೇಳಿರಲಿಲ್ಲ ಆಂಟಿ. ಅವಳದು 'ಸರಿಯಾದ' ಉತ್ತರ ಆಗಿತ್ತು.

3/9
(ಫೋಟೋ: ಕಾಕಾನ ಕಪಾಟು. ಮೇಲಿನ ಸಾಲು ಪೂರ್ತಿ ಅಂಬೇಡ್ಕರ್ ಬರಹಗಳ ಕನ್ನಡ ಸಂಪುಟಗಳು.)

ರಾತ್ರಿ ಕಲಬುರಗಿಗೆ ಫೋನ್ ಮಾಡಿ ಕಾಕಾಗೆ ಹೇಳಿದೆ. ಹೆಮ್ಮೆಯಿಂದಲೇ ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ: "ಹಂಗಂದ್ರ ಹತ್ತ್ ದಿನ ಕುಂತು ನೀ ಕಲ್ತಿದ್ದು ಬಾಯಿ ಮುಚ್ಚೋದು. ಅದನ್ನ ನಮಗ ಊರ ಗೌಡ್ರು ಪುಕ್ಕಟೆ ಕಲಿಸ್ತಿದ್ರಲ್ಲೇ ಬಾಳಾ."

ನಾನು ಉರಿದುಬಿಟ್ಟೆ. (ಸಮತೆ ಇಪ್ಪತ್ತೆರಡನೇ ದಿನಕ್ಕೆ ಎಕ್ಸ್‌ಪೈರಿ.) ಕಾಕಾಗೆ ಧ್ಯಾನ ಗೊತ್ತಿಲ್ಲ, ಎಲ್ಲಾ ರಾಜಕೀಯ ಮಾಡ್ತಾರೆ ಅಂತೆಲ್ಲಾ ಕೂಗಾಡಿದೆ. ಅವರು ಕೊನೆಗೆ ಒಂದು ಮಾತು ಅಂದು ಫೋನ್ ಇಟ್ಟರು: "ನಿಮ್ಮ ಮುತ್ಯಾ ದೀಕ್ಷಾ ತಗೊಂಡಾಗ ಏನಂದಿದ್ದ ಗೊತ್ತದೇನ? 21ನೇ ಪ್ರತಿಜ್ಞೆ ಓದು."

ಓದಿದೆ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಲಕ್ಷಾಂತರ ಜನರ ಜೊತೆ ಬೌದ್ಧರಾದಾಗ ಕೊಟ್ಟ 22 ಪ್ರತಿಜ್ಞೆಗಳಲ್ಲಿ ಅದೊಂದು. ಅದರ ಸಾರ: ಇವತ್ತು ನನಗೆ ಮರುಹುಟ್ಟು ಆಗ್ತಾ ಇದೆ.

ಒಂದು ನಿಮಿಷ ಯೋಚನೆ ಮಾಡಿ. 'ಪುನರ್ಜನ್ಮ' ಅಂದ ತಕ್ಷಣ ನಮಗೆ ತಲೆಗೆ ಬರೋದು ಸತ್ತ ಮೇಲಿನ ಕಥೆ, ಹಿಂದಿನ ಜನ್ಮದ ಪಾಪ ಪುಣ್ಯ. ಆ ಮೈದಾನದಲ್ಲಿ ನಿಂತವರಿಗೆ ಆ ಪದದ ಅರ್ಥವೇ ಬೇರೆ. ಹಿಂದಿನ ಜನ್ಮದ ಕರ್ಮ ಅಂತ ಹೇಳಿಯೇ ಅವರನ್ನ ಊರ ಹೊರಗೆ ಇಟ್ಟಿದ್ದು. ಅವರು ಅದೇ ಪದ ಎತ್ತಿಕೊಂಡು, ಸಾಯದೇ, ಬದುಕಿರುವಾಗಲೇ, ನಿಂತ ಜಾಗದಲ್ಲೇ ಮತ್ತೆ ಹುಟ್ಟಿದರು.

ಈಗ ಆಂಟಿ ಪ್ರಶ್ನೆ ಇನ್ನೊಮ್ಮೆ ಕೇಳಿಸ್ಕೊಳ್ಳಿ. ಮೊದ್ಲು ಏನಿದ್ರಿ? ಅವರಿಗೆ ಬೇಕಾಗಿದ್ದು ನನ್ನ ಹಿಂದಿನ ಜನ್ಮ.

4/9
(ಫೋಟೋ: ಆಯಿ ಕೈ, ಮೇಣದಬತ್ತಿ. ಮುಖ ಬ್ಯಾಡ ಅಂದಳು.)

ಕಾಕಾನ ಮಾತು ನನಗೆ ಅಷ್ಟು ಚುಚ್ಚೋಕೆ ಇನ್ನೊಂದು ಕಾರಣ ಇತ್ತು. ಶಿಬಿರ ಮುಗಿಸಿ ನೇರ ಊರಿಗೆ ಹೋಗಿದ್ದಾಗ ನಾನು ಆಯಿಗೆ ಒಂದು ಮಾತು ಅಂದಿದ್ದೆ.

ನಮ್ಮ ಆಯಿ ಪ್ರತಿ ಸಂಜೆ ಬುದ್ಧ, ಬಾಬಾಸಾಹೇಬರ ಫೋಟೋ ಮುಂದೆ ಮೇಣದಬತ್ತಿ ಹಚ್ಚುತ್ತಾಳೆ. ತ್ರಿಶರಣ, ಪಂಚಶೀಲ ಪಾಲಿಯಲ್ಲಿ ಹೇಳ್ತಾಳೆ, ಅವಳದೇ ರಾಗದಲ್ಲಿ, ಅಲ್ಲಲ್ಲಿ ಅವಳದೇ ಉಚ್ಚಾರದಲ್ಲಿ. ಓದು ಬರಲ್ಲ. ಮುತ್ಯಾ ಬಾಯಿಪಾಠ ಮಾಡಿಸಿದ್ದು. ಒಂದೊಂದು ಪದದ ಅರ್ಥ ಕೇಳಿದರೆ "ಅದೆಲ್ಲ ನನಗೇನ್ ಗೊತ್ತವ್ವಾ" ಅಂತಾಳೆ.

ನಾನು ಅವತ್ತು ದೊಡ್ಡ ಸಾಧಕಿ ಅಲ್ವಾ? "ಆಯಿ, ಇದೆಲ್ಲಾ ಕರ್ಮಕಾಂಡ. ಬುದ್ಧ ದೀಪ ಹಚ್ಚು ಅಂದಿಲ್ಲ. ಕಣ್ಣ ಮುಚ್ಚಿ ಹತ್ತು ನಿಮಿಷ ಉಸಿರು ನೋಡು, ಸಾಕು" ಅಂದೆ.

ಆಯಿ ಬೆಂಕಿಪೊಟ್ಟಣ ಕೆಳಗಿಟ್ಟಳು. ಸಿಟ್ಟು ಇರಲಿಲ್ಲ ದನಿಯಲ್ಲಿ. "ನಾ ಸಣ್ಣಾಕಿ ಇದ್ದಾಗ ಗುಡಿ ಮುಂದಿನ ಕಟ್ಟಿ ಸೈತ ಮುಟ್ಟಂಗಿದ್ದಿಲ್ಲ. ದೂರ ನಿಂತು ದೀಪ ನೋಡ್ತಿದ್ದಿವಿ. ಯಾರರೆ ಹಚ್ಚಿದ್ ದೀಪ. ಈಗ ಇದು ನನ್ನ ಮನ್ಯಾಗ ನಾ ಹಚ್ಚೋ ದೀಪ. ನೀ ಬಂದು ಇದನ್ನೂ ಬ್ಯಾಡ ಅಂತೀ ಏನ?"

ನಾನು ಮಾತಾಡಲಿಲ್ಲ. ಈ ಸಲದ ಮೌನಕ್ಕೆ ಸಮತೆ ಅಂತ ಹೆಸರಿಡೋ ಧೈರ್ಯ ಬರಲಿಲ್ಲ.

ದೀಪ ಹಚ್ಚೋದು ಕರ್ಮಕಾಂಡ ಅನ್ನೋದು ಒಂದು ನೋಟ. ಹುಟ್ಟಿದಾಗಿಂದ ದೀಪ ಕೈಯಲ್ಲೇ ಇದ್ದವರು, ಅದರಿಂದ ಬೇಸತ್ತವರು, ಆ ಜಾಗದಿಂದ ನೋಡಿದರೆ ಹಾಗೇ ಕಾಣುತ್ತೆ. ನಾನು ಆ ಜಾಗದವಳಲ್ಲ. ಅಲ್ಲಿ ನಿಂತವರ ಕಣ್ಣನ್ನ ಹತ್ತು ದಿನಕ್ಕೆ ಬಾಡಿಗೆ ತಂದು ನನ್ನ ಆಯಿಯನ್ನ ಅಳೆದೆ.

5/9
(ಫೋಟೋ ಇಲ್ಲ. ಕಪ್ಪು ಚೌಕ. ಇದು ಉದ್ದ ಇದೆ, ಪುರುಸೊತ್ತಲ್ಲಿ ಓದಿ.)

ನನ್ನ ಅಭಿಪ್ರಾಯ ಈಗ ನೇರವಾಗಿ ಹೇಳಿಬಿಡ್ತೀನಿ. "ನಾನು ಯಾವ ದೃಷ್ಟಿಕೋನವೂ ಇಲ್ಲದೆ ಬರೀ ಪ್ರಾಕ್ಟೀಸ್ ಮಾಡ್ತೀನಿ" ಅನ್ನೋರು ಇದ್ದಾರಲ್ಲ, ಅವರ ಮಾತು ನಾನು ನಂಬಲ್ಲ. ಆ ಮಾತು ಹೇಳೋಕೆ ಸಾಧ್ಯ ಆಗೋದು ಯಾರಿಗೆ? "ಮೊದ್ಲು ಏನಿದ್ರಿ" ಅಂತ ಯಾರೂ ಕೇಳದೇ ಇರೋರಿಗೆ.

ಬುದ್ಧನ ಎಂಟು ಅಂಗಗಳ ಮಾರ್ಗದ ಪಟ್ಟಿಯಲ್ಲಿ ಮೊದಲನೇದೇ ಸಮ್ಮಾ ದಿಟ್ಠಿ, ಸರಿಯಾದ ನೋಟ. ಧ್ಯಾನದ ಏಕಾಗ್ರತೆ ಬರೋದು ಎಂಟನೇದಾಗಿ. ಆದರೆ ಶಿಬಿರದಲ್ಲಿ ಕಲಿಸೋ ಕ್ರಮ ಶೀಲ, ಸಮಾಧಿ, ಪ್ರಜ್ಞೆ. ಅಲ್ಲಿ ನೋಟ ಪ್ರಜ್ಞೆಯ ಖಾನೆಯಲ್ಲಿ, ಕೊನೆಗೆ. ಎರಡೂ ಹಳೇ ಕ್ರಮಗಳೇ, ಎರಡೂ ಪಾಲಿ ಗ್ರಂಥಗಳಲ್ಲೇ ಇವೆ. ಕೂತ್ರೆ ನೋಟ ಸರಿಹೋಗುತ್ತೆ ಅಂತ ಒಂದು, ನೋಟ ಸರಿ ಇದ್ರೆ ಕೂರೋದಕ್ಕೆ ಅರ್ಥ ಅಂತ ಇನ್ನೊಂದು. ಅಂಬೇಡ್ಕರ್ ಎರಡನೇ ತುದಿಯಿಂದ ಶುರುಮಾಡಿದರು. ಅವರ 'ದ ಬುದ್ಧ ಅಂಡ್ ಹಿಸ್ ಧಮ್ಮ' 1957ರಲ್ಲಿ, ಅವರು ಹೋದ ಮೇಲೆ ಅಚ್ಚಾಯ್ತು. ಅದರಲ್ಲಿ ಸಿದ್ಧಾರ್ಥ ಮನೆ ಬಿಡೋ ಕಥೆಯನ್ನೇ ಪ್ರಶ್ನೆ ಮಾಡ್ತಾರೆ. 29 ವರ್ಷದ ಗಂಡಸು ಅಲ್ಲೀತನಕ ಒಬ್ಬ ಮುದುಕನನ್ನ, ಒಬ್ಬ ರೋಗಿಯನ್ನ, ಒಂದು ಹೆಣವನ್ನ ನೋಡೇ ಇರಲಿಲ್ಲ ಅಂದ್ರೆ ಯಾರು ನಂಬಬೇಕು? ಅವರು ಹೇಳೋ ಕಥೆಯಲ್ಲಿ ಶಾಕ್ಯರಿಗೂ ಕೋಲಿಯರಿಗೂ ರೋಹಿಣಿ ನದಿ ನೀರಿನ ಜಗಳ. ಸಿದ್ಧಾರ್ಥ ಯುದ್ಧ ಬೇಡ ಅಂತಾನೆ, ಸಂಘದ ಬಹುಮತ ಒಪ್ಪಲ್ಲ, ಅವನು ಊರು ಬಿಡ್ತಾನೆ. (ನೀರಿನ ಜಗಳ ಏನು ಅಂತ ಕರ್ನಾಟಕದವರಿಗೆ ಬಿಡಿಸಿ ಹೇಳಬೇಕಾ?)

ಕಥೆ ಬದಲಾದರೆ ಸಾಧನೆಯೂ ಬದಲಾಗುತ್ತೆ. ಮುಪ್ಪು, ಸಾವು ನೋಡಿ ಹೊರಟವನ ಹಿಂದೆ ಹೋದರೆ ನೀವು ಕಣ್ಣು ಮುಚ್ಚಿ ಕೂರ್ತೀರಿ. ಜಗಳ ತಡೆಯೋಕೆ ಹೋಗಿ ಊರು ಕಳಕೊಂಡವನ ಹಿಂದೆ ಹೋದರೆ ಸಭೆಯಲ್ಲಿ ಎದ್ದು ನಿಲ್ತೀರಿ.

ಇದರಲ್ಲಿ ನನಗೆ ತಮಾಷೆ ಅನ್ಸೋ ವಿಷಯ ಒಂದಿದೆ. ಎರಡೂ ದಾರಿಗಳ ಬೇರು ಬರ್ಮಾಕ್ಕೆ ಹೋಗುತ್ತೆ. ನಾಗಪುರದಲ್ಲಿ ಬಾಬಾಸಾಹೇಬರಿಗೆ ದೀಕ್ಷೆ ಕೊಟ್ಟ ಭಿಕ್ಷು ಚಂದ್ರಮಣಿ ಬರ್ಮಾದ ಅರಾಕಾನಿನವರು, ಕುಶಿನಗರದಲ್ಲಿ ನೆಲೆಸಿದ್ದವರು. ವಿಪಸ್ಸನಾವನ್ನ ಭಾರತಕ್ಕೆ 1969ರಲ್ಲಿ ತಂದ ಗೋಯೆಂಕಾ ಹುಟ್ಟಿದ್ದು ಮಂಡಾಲೆಯಲ್ಲಿ, ಅವರ ಗುರು ಊ ಬಾ ಖಿನ್ ಬರ್ಮಾ ಸರ್ಕಾರದ ಅಕೌಂಟೆಂಟ್ ಜನರಲ್. ಒಂದೇ ದೇಶದಿಂದ ಬಂದ ಧಮ್ಮ, ಒಬ್ಬರ ಕೈಯಲ್ಲಿ ಮತಾಂತರ ಆಯ್ತು, ಇನ್ನೊಬ್ಬರ ಕೈಯಲ್ಲಿ "ಇದು ಯಾವ ಮತವೂ ಅಲ್ಲ, ಯಾರೂ ಮತ ಬದಲಿಸಬೇಕಿಲ್ಲ" ಅಂತಾಯ್ತು.

ಈಗ ನನ್ನ ಗಂಟಲಲ್ಲಿ ಸಿಕ್ಕಿಕೊಂಡಿರೋ ವಿಷಯ. "ಪ್ರತಿಕ್ರಿಯೆ ಕೊಡಬೇಡ, ಸುಮ್ಮನೆ ನೋಡು." ಈ ಒಂದು ವಾಕ್ಯವನ್ನ ಇಬ್ಬರಿಗೆ ಹೇಳಿ ನೋಡಿ. ಒಬ್ಬರು ಆಫೀಸಲ್ಲಿ ಕೈಕೆಳಗಿನವರ ಮೇಲೆ ದಿನಾ ಕೂಗಾಡೋ ಮ್ಯಾನೇಜರು. ಅವರಿಗೆ ಇದು ಹೊಸ ಮಾತು, ಒಳ್ಳೇ ಔಷಧಿ. ಇನ್ನೊಬ್ಬಳು ನಾನು. ಎದುರು ಮಾತಾಡಿದರೆ ಏಟು ಬೀಳ್ತಿದ್ದ ಕೇರಿಯಿಂದ ಬಂದವಳು. 'ಸುಮ್ಮನಿರು' ಅನ್ನೋದು ನನಗೆ ಹೊಸದಲ್ಲ, ಅದು ನನಗಿಂತ ಮುಂಚೆ ನಮ್ಮ ಮನೆಗೆ ಬಂದಿದೆ. ಬಿಪಿ ಜಾಸ್ತಿ ಇರೋರ ಮಾತ್ರೆಯನ್ನ ಬಿಪಿ ಕಮ್ಮಿ ಇರೋಳು ನುಂಗಿ, ತಲೆ ತಿರುಗಿದ್ದನ್ನೇ ಶಾಂತಿ ಅಂದುಕೊಂಡ ಹಾಗಾಯ್ತು.

ನ್ಯಾಯವಾಗಿ ಹೇಳಬೇಕು ಅಂದ್ರೆ, ಸಂಜೆಯ ಪ್ರವಚನದಲ್ಲಿ ಗೋಯೆಂಕಾ ಇದನ್ನೂ ಹೇಳ್ತಾರೆ: ಕುರುಡು ಪ್ರತಿಕ್ರಿಯೆ ಬೇರೆ, ಕ್ರಿಯೆ ಬೇರೆ, ಸಮತೆ ಅಂದ್ರೆ ನಿಷ್ಕ್ರಿಯತೆ ಅಲ್ಲ ಅಂತ. ನಾನೂ ಆ ಹಾಲ್‌ನಲ್ಲೇ ಕೂತಿದ್ದೆ. ಮೊದಲರ್ಧ ಮಾತ್ರ ಕೇಳಿಸ್ತು. ಕಿವಿಗೂ ಒಂದು ಹಿನ್ನೆಲೆ ಇರುತ್ತೆ.

6/9
(ಫೋಟೋ: ಸನ್ನತಿ, ಭೀಮಾ ನದಿ. ಬಿಸಿಲಿಗೆ ಫೋನ್ ಹ್ಯಾಂಗ್ ಆಗಿತ್ತು.)

ಇದು ಚಿಕ್ಕದು. ನಮ್ಮ ಜಿಲ್ಲೆಯ ಸನ್ನತಿಯಲ್ಲಿ ಚಂದ್ರಲಾಂಬಾ ಗುಡಿ ಇದೆ. 1986ರಲ್ಲಿ ಆ ಆವರಣದ ಕಾಳಿ ಗುಡಿಯ ಮೇಲ್ಛಾವಣಿ ಕುಸಿದಾಗ ಒಂದು ಕಲ್ಲು ಸಿಕ್ತು. ಕಾಳಿ ವಿಗ್ರಹದ ಪೀಠ ಆಗಿದ್ದ ಕಲ್ಲು. ಅದರ ಮೇಲೆ ಅಶೋಕನ ಶಾಸನ. ವಿಗ್ರಹ ಕೂರಿಸೋಕೆ ಅದರಲ್ಲಿ ತೂತು ಕೊರೆದಿದ್ದರು. ಹತ್ತಿರದ ಕನಗನಹಳ್ಳಿಯಲ್ಲಿ ಆಮೇಲೆ ಅಗೆದಾಗ ದೊಡ್ಡ ಸ್ತೂಪವೇ ಹೊರಗೆ ಬಂತು, 'ರಾಯ ಅಸೋಕ' ಅಂತ ಹೆಸರು ಕೆತ್ತಿದ ಶಿಲ್ಪದ ಜೊತೆ.

ಎಷ್ಟೋ ತಲೆಮಾರು ಆ ಕಲ್ಲಿಗೆ ಕೈಮುಗಿದಿದ್ದಾರೆ. ಅವರಿಗದು ಪೀಠ. ಲಿಪಿ ಓದೋರು ಬಂದಾಗ ಶಾಸನ. ನಮ್ಮ ಕಾಕಾ ನಿಂತು ನೋಡಿದಾಗ ಅವರ ಕಣ್ಣಲ್ಲಿ ನೀರು. ಅವರಿಗೆ ಅದು ಮನೆ ಪತ್ರ ಸಿಕ್ಕ ಹಾಗೆ. ಕಲ್ಲು ಅದೇ.

ಆದರೆ "ಎಲ್ಲಾ ನೋಟವೂ ಸರಿ" ಅಂತ ಇಲ್ಲಿ ಸ್ಟಿಕ್ಕರ್ ಅಂಟಿಸಬೇಡಿ. ಓದೋಕೆ ಬಂದಮೇಲೆ, ಅಲ್ಲಿ ಬರೆದಿಲ್ಲ ಅನ್ನೋ ಹಾಗಿಲ್ಲ.

7/9
(ಫೋಟೋ: ಬೈಲಕುಪ್ಪೆ, ಟ್ರಿಪ್ಪಲ್ಲಿ ತೆಗೆದದ್ದು. ಗೋಲ್ಡನ್ ಟೆಂಪಲ್ ಸೆಲ್ಫಿ ನಿಮ್ಮೆಲ್ಲರ ಹತ್ರ ಇದೆ, ಅದಕ್ಕೇ ಬೇರೆ ಫೋಟೋ.)

ಸೆರಾ ಮಠದಲ್ಲಿ ಭಿಕ್ಷುಗಳು ವಾದ ಮಾಡೋದು ನೋಡಿದ್ದೀರಾ? ಒಬ್ಬರು ನೆಲದ ಮೇಲೆ ಕೂತಿರ್ತಾರೆ, ಇನ್ನೊಬ್ಬರು ನಿಂತು ಪ್ರಶ್ನೆ ಎಸೀತಾರೆ. ಪ್ರತಿ ಪ್ರಶ್ನೆಗೂ ಕಾಲು ನೆಲಕ್ಕೆ ಹೊಡೆದು, ಚಟಾರ್ ಅಂತ ಚಪ್ಪಾಳೆ. ಮೊದಲ ಸಲ ನೋಡಿದವರಿಗೆ ಜಗಳ ಅನಿಸುತ್ತೆ. ಅದು ಜಗಳ ಅಲ್ಲ, ಪಾಠ. ನೀನು ಹಿಡಿದುಕೊಂಡಿರೋ ಮಾತಿಗೆ ಎಲ್ಲಿ ಬಿರುಕಿದೆ ಅಂತ ಎದುರಿನವನು ತೋರಿಸಿಕೊಡೋದು.

ನಾನು ಅವತ್ತು ಅದನ್ನ ರೀಲ್ ಮಾಡಿ ಹಾಕಿದ್ದೆ, ನಗೋ ಆಡಿಯೋ ಹಾಕಿ. ಈಗ ಡಿಲೀಟ್ ಮಾಡಿದ್ದೀನಿ. ಮೌನ ಒಂದೇ ಬೌದ್ಧ ಸಾಧನೆ ಅಂತ ನನ್ನ ತಲೇಲಿ ಕೂತಿತ್ತಲ್ಲ, ಮೈಸೂರು ಜಿಲ್ಲೆಯಲ್ಲೇ ನೂರಾರು ಜನ ದಿನಾ ಗಲಾಟೆ ಮಾಡಿಕೊಂಡು ಅದನ್ನ ಸುಳ್ಳು ಮಾಡ್ತಾ ಇದ್ದಾರೆ. ನನ್ನ ಕಾಕಾನ ಓದುಬಳಗದ ಭಾನುವಾರದ ವಾಗ್ವಾದಕ್ಕೂ ಇದಕ್ಕೂ ಚಪ್ಪಾಳೆ ಒಂದೇ ವ್ಯತ್ಯಾಸ.

8/9
(ಫೋಟೋ: ನಮ್ಮೂರ ಜಾತ್ರೆ. ಹಗ್ಗದ ಮೇಲೆ ನಡೆಯೋ ಹುಡುಗಿ.)

ಕಾಕಾಗೆ ಉತ್ತರ ಕೊಡಬೇಕು ಅಂತ ಹುಡುಕ್ತಾ ಹುಡುಕ್ತಾ ಸಂಯುತ್ತ ನಿಕಾಯದಲ್ಲಿ ಒಂದು ಪುಟ್ಟ ಸುತ್ತ ಸಿಕ್ತು. ಹೆಸರು ಸೇದಕ. ಅದರಲ್ಲಿ ಬುದ್ಧ ಹೇಳೋದು ದೊಂಬರಾಟದವರ ಕಥೆ.

ಒಬ್ಬ ಬಿದಿರು ಕೋಲು ಎತ್ತಿ ನಿಲ್ಲಿಸ್ತಾನೆ. ಶಿಷ್ಯನಿಗೆ ಹೇಳ್ತಾನೆ, ಕೋಲು ಹತ್ತಿ ನನ್ನ ಹೆಗಲ ಮೇಲೆ ನಿಲ್ಲು. ನೀನು ನನ್ನನ್ನ ನೋಡಿಕೋ, ನಾನು ನಿನ್ನನ್ನ ನೋಡಿಕೊಳ್ತೀನಿ, ಹಾಗೆ ಆಟ ಆಡಿ, ನಾಲ್ಕು ಕಾಸು ಗಳಿಸಿ, ಕ್ಷೇಮವಾಗಿ ಕೆಳಗಿಳಿಯೋಣ. ಶಿಷ್ಯ ಒಪ್ಪಲ್ಲ. ಹಾಗಾಗಲ್ಲ ಗುರುವೇ, ನೀವು ನಿಮ್ಮನ್ನ ನೋಡಿಕೊಳ್ಳಿ, ನಾನು ನನ್ನನ್ನ ನೋಡಿಕೊಳ್ತೀನಿ, ಆಗಲೇ ಇಬ್ಬರೂ ಬೀಳಲ್ಲ ಅಂತಾನೆ.

ಬುದ್ಧ ಮೊದಲು ಶಿಷ್ಯನ ಮಾತೇ ಸರಿ ಅಂತಾನೆ. ಇಲ್ಲಿಗೆ ನಿಂತಿದ್ದರೆ ನಾನು ಕಾಕಾಗೆ ಸ್ಕ್ರೀನ್‌ಶಾಟ್ ಕಳಿಸಿ ಗೆದ್ದುಬಿಡ್ತಿದ್ದೆ. ಅಲ್ಲಿಗೆ ನಿಲ್ಲಲ್ಲ. ತನ್ನನ್ನ ಕಾಯೋದರಿಂದ ಇನ್ನೊಬ್ಬರನ್ನ ಕಾದ ಹಾಗೆ, ಇನ್ನೊಬ್ಬರನ್ನ ಕಾಯೋದರಿಂದ ತನ್ನನ್ನ ಕಾದ ಹಾಗೆ ಅಂತ ಎರಡೂ ಕಡೆಯಿಂದ ಹೇಳ್ತಾನೆ. ಮೊದಲನೇದಕ್ಕೆ ದಾರಿ ಸಾಧನೆ. ಎರಡನೇದಕ್ಕೆ ದಾರಿ ತಾಳ್ಮೆ, ಹಿಂಸೆ ಮಾಡದಿರೋದು, ಮೈತ್ರಿ, ಅನುಕಂಪ. ಗುರು ಕೆಳಗೆ ನಿಂತಿದ್ದಾನೆ, ಅವನಿಗೆ ಮೇಲಿರೋ ಮಗುವಿನ ಚಿಂತೆ. ಶಿಷ್ಯ ಮೇಲಿದ್ದಾನೆ, ಅವನಿಗೆ ತನ್ನ ಕಾಲಿನ ಚಿಂತೆ. ನಿಂತ ಜಾಗಕ್ಕೆ ತಕ್ಕ ಮಾತು ಇಬ್ಬರದೂ. ಕೋಲು ಒಂದೇ.

ಇನ್ನೊಂದು. ಇಂಗ್ಲಿಷ್ ಅನುವಾದಗಳಲ್ಲಿ ಆ ಆಟಗಾರನಿಗೆ ಸಾಮಾನ್ಯವಾಗಿ ಬರೀ 'ಅಕ್ರೊಬ್ಯಾಟ್' ಅಂತಿರುತ್ತೆ. ಪಾಲಿ ಮೂಲದಲ್ಲಿ ಇರೋ ಪದ 'ಚಂಡಾಲವಂಸಿಕ'. ಅವನ ಕೋಲಿಗೂ 'ಚಂಡಾಲವಂಸ' ಅಂತಲೇ ಹೆಸರು. ಹತ್ತು ಸಲ ಇಂಗ್ಲಿಷಲ್ಲಿ ಓದಿದ್ರೂ ನನಗೆ ಈ ಪದ ಕಾಣ್ತಿರಲಿಲ್ಲ. ಸಾಧನೆಯ ಇಷ್ಟು ದೊಡ್ಡ ಪಾಠಕ್ಕೆ ಬುದ್ಧ ಆರಿಸಿಕೊಂಡಿದ್ದು ಬೀದಿಯಲ್ಲಿ ಹೊಟ್ಟೆಪಾಡಿಗೆ ಆಡೋ ಇಬ್ಬರನ್ನ. ಕಾಕಾ ಈ ಪದ ನೋಡಿ ಎರಡು ನಿಮಿಷ ಏನೂ ಟೈಪ್ ಮಾಡಲಿಲ್ಲ. ಆಮೇಲೆ ಬಂದಿದ್ದು: "ಜೈ ಭೀಮ್. ಪುಟ ಸಂಖ್ಯೆ ಕಳಸು."

ಕಾಕಾ ಬಗ್ಗೆಯೂ ಒಂದು ಮಾತು ಹೇಳದಿದ್ದರೆ ಮೋಸ ಆಗುತ್ತೆ. ಅವರ ನೋಟದಲ್ಲಿ ದುಃಖ ಎಲ್ಲಾ ಹೊರಗಿದೆ, ಜಾತಿಯಲ್ಲಿ, ಸಮಾಜದಲ್ಲಿ. ಬಹಳಷ್ಟು ನಿಜ. ಆದರೆ ಎಲ್ಲಾ ಹೊರಗೇ ಇದ್ದರೆ, ಊಟ ತಡ ಆಯ್ತು ಅಂತ ಅವರು ಕಾಕಿ ಮೇಲೆ ರೇಗೋದು ಯಾವ ಲೆಕ್ಕಕ್ಕೂ ಬರಲ್ಲ. ಸಭೆಯಲ್ಲಿ ಸಮಾನತೆ ಮಾತಾಡಿ ಬಂದ ಅದೇ ರಾತ್ರಿ ನಾನು ಅದನ್ನ ನೋಡಿದ್ದೀನಿ. ಹೊರಗೆ ನೋಡೋ ಕಣ್ಣು ಅಷ್ಟು ಚುರುಕಾಗಿರೋರಿಗೆ ಒಳಗಿನದು ಕಾಣದೇ ಇರೋದು, ಒಳಗೇ ನೋಡ್ತಾ ಕೂತ ನನಗೆ ಪಕ್ಕದಲ್ಲಿ ಅಳ್ತಿದ್ದ ಫ್ರೆಂಡ್ ಕಾಣದೇ ಇದ್ದದ್ದು, ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡ್ತೀನಿ. (ಕಾಕಾ ನನ್ನನ್ನ ಫಾಲೋ ಮಾಡ್ತಾರೆ. ಬೆನ್ನ ಹಿಂದೆ ಹೇಳ್ತಿಲ್ಲ, ಮುಖಕ್ಕೂ ಹೇಳಿದ್ದೀನಿ. ಮೂರು ದಿನ ಮಾತು ಬಿಟ್ಟಿದ್ದರು. ಕಾಕಿ ಮಾತ್ರ ನಾನು ಹೊರಟಾಗ ಶೇಂಗಾ ಹೋಳಿಗೆ ಡಬ್ಬಿ ಎರಡು ಕಟ್ಟಿದಳು.)

9/9
(ಫೋಟೋ: ಕಾಲ್ ಹಿಸ್ಟರಿ. ನಂಬರ್ ಬ್ಲರ್ ಮಾಡಿದ್ದೀನಿ. 1 ನಿಮಿಷ 52 ಸೆಕೆಂಡ್.)

ಈಗಲೂ ಬೆಳಗ್ಗೆ ಅರ್ಧ ಗಂಟೆ ಕೂರ್ತೀನಿ. ಎಕ್ಸಾಮ್ ಟೈಮಲ್ಲಿ ತಪ್ಪುತ್ತೆ. ಕೂರೋದಕ್ಕೆ ಮುಂಚೆ ಈಗ ತ್ರಿಶರಣ ಹೇಳ್ತೀನಿ, ಆಯಿ ಉಚ್ಚಾರದಲ್ಲೇ. ಕೂತಾಗ ಆ ಮನೆ, ಆ ಕಾಫಿ, ಆ ಪ್ರಶ್ನೆ ಬರ್ತಾನೇ ಇತ್ತು. ಮೊದಲೆಲ್ಲ ಬಂದರೆ ಉಸಿರಿಗೆ ವಾಪಸ್ ಹೋಗ್ತಿದ್ದೆ. ಒಂದು ದಿನ ಹೋಗಲಿಲ್ಲ. ಬಿಸಿ ಎಲ್ಲಿದೆ, ಎಷ್ಟಿದೆ ಅಂತ ಪೂರ್ತಿ ನೋಡಿದೆ. ಅದರ ಅಡಿಯಲ್ಲಿ ಸಿಟ್ಟಿಗಿಂತ ಜಾಸ್ತಿ ಹೆದರಿಕೆ ಇತ್ತು. ಅದು ನನಗೆ ಗೊತ್ತಿರಲಿಲ್ಲ. ಕಾಕಾನ ಕಪಾಟಿನ ಯಾವ ಪುಸ್ತಕದಿಂದಲೂ ನನಗದು ಗೊತ್ತಾಗ್ತಿರಲಿಲ್ಲ.

ಎದ್ದು ಆಂಟಿಗೆ ಫೋನ್ ಮಾಡಿದೆ. ಮೂರು ತಿಂಗಳಾಗಿತ್ತು. ಕೈ ನಡುಗ್ತಿತ್ತು, ದನಿ ನಡುಗಲಿಲ್ಲ.

"ಆಂಟಿ, ಜೂನಲ್ಲಿ ಮನೆ ನೋಡೋಕೆ ಬಂದಿದ್ವಲ್ಲ, ಮೂರು ಜನ. ನೀವೊಂದು ಪ್ರಶ್ನೆ ಕೇಳಿದ್ರಿ, ಮೊದ್ಲು ಏನಿದ್ರಿ ಅಂತ. ನಾನು ಉತ್ತರ ಹೇಳದೆ ಎದ್ದು ಬಂದಿದ್ದೆ."

"ಅಯ್ಯೋ, ಮನೆ ಆವಾಗ್ಲೇ ಕೊಟ್ಟಾಯ್ತಲ್ಲಮ್ಮ."

"ಮನೆಗೋಸ್ಕರ ಫೋನ್ ಮಾಡಿಲ್ಲ ಆಂಟಿ. ನಮ್ಮ ಆಯಿ ಗುಡಿ ಕಟ್ಟೆ ಮುಟ್ಟೋ ಹಾಗಿರಲಿಲ್ಲ, ಅದೇ ನಾವು ಮೊದ್ಲು. ಈಗ ಬೌದ್ಧರು. ನಿಮ್ಮ ಶೋಕೇಸಲ್ಲಿರೋರ ಕಡೆಯವರು."

ಸ್ವಲ್ಪ ಹೊತ್ತು ಟಿವಿ ಸದ್ದು ಮಾತ್ರ. ಆಮೇಲೆ, "ನಾವೇನೂ ಹಂಗೆಲ್ಲ ನೋಡೋರಲ್ಲಮ್ಮ. ಸುಮ್ನೆ ಮಾತಿಗೆ ಕೇಳಿದ್ದು."

"ಸರಿ ಆಂಟಿ" ಅಂದೆ. ಸಿಟ್ಟು ಬರಲಿಲ್ಲ ಅಂತಲ್ಲ. ಬಂತು, ನೋಡಿದೆ, ಇಟ್ಟೆ.

ಫ್ರೆಂಡಿಗೆ ಹೇಳಿದಾಗ "ಈಗ ಬೇಕಿತ್ತಾ ಅದು, ಬಿಡೇ" ಅಂದಳು. ಕಾಕಾ "ಇಷ್ಟೇನಾ? ಕಂಪ್ಲೇಂಟ್ ಕೊಡ್ಬೇಕಿತ್ತು" ಅಂದರು. ಆಯಿ ಪೂರ್ತಿ ಕೇಳಿಸಿಕೊಂಡು, "ಅಕಿ ಚಾ ಕೊಟ್ಟಿದ್ಳಂದಿ, ಯಾವ ಕಪ್‌ನ್ಯಾಗ ಕೊಟ್ಟಿದ್ಳು?" ಅಂತ ಕೇಳಿದಳು. ಕಾಫಿ ಕೊಡುವಾಗ ಅವರಿಗೆ ನಾನು ಯಾರು ಅಂತ ಗೊತ್ತಿರಲಿಲ್ಲ ಆಯಿ ಅಂದೆ. "ಹಾಂ, ಅದಕ್ಕ" ಅಂದಳು.

ನಮಗೆ ಬೇರೆ ಮನೆ ಸಿಕ್ಕಿದೆ, ನೀರು ಟ್ಯಾಂಕರ್‌ದು. ಮೊನ್ನೆ ಬಸ್ಸು ಆ ಆಂಟಿ ರೋಡಲ್ಲೇ ಬಂತು. ಎರಡನೇ ಮಹಡಿ ಗ್ರಿಲ್ಲಿಗೆ ಕಟ್ಟಿದ್ದ 'ಮನೆ ಬಾಡಿಗೆಗೆ ಇದೆ' ಬೋರ್ಡು ಮಳೆಗೆ ಬಣ್ಣ ಬಿಟ್ಟುಕೊಂಡು ಇನ್ನೂ ಅಲ್ಲೇ ಇತ್ತು.